ಸಂಜೆ ಐದರ ಮೇಲೆ ಮೈದಾನ ಯಾರದ್ದು?



ವಿಶ್ವವಿದ್ಯಾಲಯದಲ್ಲಿ ಮೀಸಲಾತಿ ಅಂದ ಕೂಡಲೇ ನಾವು ಸೀಟು, ಸ್ಕಾಲರ್‌ಶಿಪ್, ಹಾಸ್ಟೆಲ್, ನೇಮಕಾತಿ ಬಗ್ಗೆ ಮಾತಾಡ್ತೀವಿ. ಮಾತಾಡಲೇಬೇಕು. ಆದರೆ ಕ್ಯಾಂಪಸ್ಸಿನಲ್ಲಿ ಸಂಜೆ ಐದರಿಂದ ಏಳರವರೆಗೆ ಒಂದು ಹೊತ್ತಿದೆ. ಕ್ಲಾಸು, ಲ್ಯಾಬು ಮುಗಿದಿರುತ್ತೆ. ಒಂದಷ್ಟು ಜನ ಬ್ಯಾಟು, ರಾಕೆಟ್ಟು ಹಿಡಿದು ಮೈದಾನಕ್ಕೆ ಇಳೀತಾರೆ. ಇನ್ನೊಂದಷ್ಟು ಜನ ರೂಮಿನಲ್ಲೇ ಉಳೀತಾರೆ. ಯಾರು ಇಳೀತಾರೆ, ಯಾರು ಉಳೀತಾರೆ ಅನ್ನೋದಕ್ಕೆ ನೂರು ವರ್ಷಕ್ಕೂ ಹಳೆಯ ಚರಿತ್ರೆ ಇದೆ. ನಮ್ಮ ಉತ್ತರ ಬೆಂಗಳೂರಿನ ಯಶವಂತಪುರ, ಹೆಬ್ಬಾಳ, ಯಲಹಂಕದ ಕ್ಯಾಂಪಸ್ಸುಗಳನ್ನ ಇಟ್ಟುಕೊಂಡೇ ಅದನ್ನ ಹೇಳ್ತೀನಿ.

1911ರಿಂದ ಶುರು ಮಾಡೋಣ. ಆ ವರ್ಷ ಫೆಬ್ರವರಿಯಲ್ಲಿ ಯಶವಂತಪುರದ ಪಕ್ಕ, ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಜಾಗದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಭಾರತೀಯ ವಿಜ್ಞಾನ ಸಂಸ್ಥೆಗೆ ಅಡಿಗಲ್ಲು ಹಾಕಿದರು. ಜನ ಇವತ್ತಿಗೂ 'ಟಾಟಾ ಇನ್‌ಸ್ಟಿಟ್ಯೂಟ್' ಅಂತಾರಲ್ಲ, ಅದೇ. ಜುಲೈನಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು.

ಅದೇ 1911ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಮೈದಾನಗಳಲ್ಲಿ ನಮ್ಮವನೊಬ್ಬ ಬೌಲಿಂಗ್ ಮಾಡ್ತಿದ್ದ. ಹೆಸರು ಪಾಲ್ವಂಕರ್ ಬಾಲೂ. ಹುಟ್ಟಿದ್ದು ಧಾರವಾಡದಲ್ಲಿ, ಚಮ್ಮಾರ ಜಾತಿಯಲ್ಲಿ. ಭಾರತದಿಂದ ಹೋದ ಆ ತಂಡ ಸೋತದ್ದೇ ಹೆಚ್ಚು. ಬಾಲೂ ಮಾತ್ರ 114 ವಿಕೆಟ್ ತೆಗೆದ.

ಬಾಲೂ ಕ್ರಿಕೆಟ್ ಕಲಿತದ್ದು ಹೇಗೆ ಅನ್ನೋದು ಮುಖ್ಯ. ಪೂನಾದಲ್ಲಿ ಯುರೋಪಿಯನ್ನರ ಕ್ಲಬ್ಬಿನಲ್ಲಿ ಅವನು ಮೈದಾನ ನೋಡಿಕೊಳ್ಳೋ ಆಳು. ತಿಂಗಳಿಗೆ 4 ರೂಪಾಯಿ ಸಂಬಳ. ರೋಲರ್ ಎಳೆಯೋದು, ಗೆರೆ ಹಾಕೋದು, ನೆಟ್ ಕಟ್ಟೋದು. ಸಾಹೇಬರಿಗೆ ಪ್ರಾಕ್ಟೀಸ್ ಬೇಕಾದಾಗ ಗಂಟೆಗಟ್ಟಲೆ ಬೌಲಿಂಗ್ ಮಾಡೋದು. ಬ್ಯಾಟ್ ಕೈಗೆ ಸಿಗ್ತಾ ಇರಲಿಲ್ಲ. ಬೌಲಿಂಗ್ ಬೆವರಿನ ಕೆಲಸ, ಅದು ಆಳಿಗೆ. ಬ್ಯಾಟಿಂಗ್ ದೊರೆಗಳಿಗೆ.

ಮುಂದೆ ಹಿಂದೂ ತಂಡದವರು ಇವನಿಲ್ಲದೆ ಗೆಲ್ಲೋಕೆ ಆಗಲ್ಲ ಅಂತ ಕರೆದುಕೊಂಡರು. ಮೈದಾನದೊಳಗೆ ಅವನು ಮುಟ್ಟಿದ ಚೆಂಡನ್ನ ಎಲ್ಲರೂ ಮುಟ್ಟಬೇಕಲ್ಲ, ಮುಟ್ಟಿದರು. ಟೀ ಬಿಡುವಿನಲ್ಲಿ ಮಾತ್ರ ಅವನಿಗೆ ಪೆವಿಲಿಯನ್ ಹೊರಗೆ, ಬಿಸಾಡೋ ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟಕ್ಕೂ ಬೇರೆ ಜಾಗ. ಅಷ್ಟು ವಿಕೆಟ್ ತೆಗೆದರೂ ಅವನಿಗೆ ಪೂರ್ಣಾವಧಿಗೆ ನಾಯಕನ ಪಟ್ಟ ಕೊಡಲಿಲ್ಲ. 1920ರಲ್ಲಿ ಅವನ ತಮ್ಮಂದಿರು ಪ್ರತಿಭಟಿಸಿ ತಂಡದಿಂದ ಹೊರಗೆ ನಿಂತರು. ಆಮೇಲೆ 1923ರಲ್ಲಿ ತಮ್ಮ ವಿಠಲ ಹಿಂದೂ ತಂಡದ ನಾಯಕನಾದ, ಟೂರ್ನಿ ಗೆದ್ದೂ ತೋರಿಸಿದ. ಯುವಕ ಅಂಬೇಡ್ಕರರಿಗೆ ಬಾಲೂ ಹೆಮ್ಮೆಯ ಮನುಷ್ಯ. ಮುಂದೆ ರಾಜಕೀಯದಲ್ಲಿ ದಾರಿ ಬೇರೆಯಾಯಿತು. 1937ರ ಚುನಾವಣೆಯಲ್ಲಿ ಬಾಬಾಸಾಹೇಬರ ಎದುರು ನಿಂತು ಬಾಲೂ ಸೋತ. ಅದೂ ನಮ್ಮ ಚರಿತ್ರೆಯೇ, ಮುಚ್ಚಿಡೋದು ಬೇಡ.

ಪೂನಾ ಕಥೆಗೂ ಯಶವಂತಪುರಕ್ಕೂ ಏನು ಸಂಬಂಧ ಅಂತೀರಾ? ವಿಜ್ಞಾನ ಸಂಸ್ಥೆಯಲ್ಲಿ ಆಟೋಟ ನಡೆಸೋ ಕೂಟಕ್ಕೆ ಇವತ್ತಿಗೂ 'ಜಿಮ್‌ಖಾನಾ' ಅಂತಲೇ ಹೆಸರು. ಇದು ಬ್ರಿಟಿಷ್ ಕಾಲದ ಕಂಟೋನ್ಮೆಂಟು, ಕ್ಲಬ್ಬುಗಳಿಂದ ಬಂದ ಪದ. ಆ ಪದದ ಜೊತೆ ಒಂದು ವ್ಯವಸ್ಥೆಯೂ ಬೆಳೆದು ಬಂತು: ಆಡೋರು ಒಂದು ಕಡೆ, ಮೈದಾನ ಹದ ಮಾಡೋರು ಇನ್ನೊಂದು ಕಡೆ. ನಮ್ಮ ದೇಶದ ಕಾಲೇಜುಗಳಿಗೆ ಆಟ ಬಂದದ್ದು ಬಹುಮಟ್ಟಿಗೆ ಇದೇ ಅಚ್ಚಿನಲ್ಲಿ. ಬಾಲೂ ಗೆರೆ ದಾಟಿದ. ಅವನ ಜೊತೆ ರೋಲರ್ ಎಳೆದ ಎಷ್ಟೋ ಜನರ ಹೆಸರೂ ಉಳಿದಿಲ್ಲ.

ಇನ್ನು ನಮ್ಮ ಸಂಸ್ಥಾನದ ಸ್ಥಿತಿ. 1911ರಲ್ಲಿ ಮೈಸೂರು ಸೀಮೆಯ ಬಹುತೇಕ ಸರ್ಕಾರಿ ಶಾಲೆಗಳಲ್ಲಿ 'ಪಂಚಮ' ಮಕ್ಕಳಿಗೆ ಉಳಿದವರ ಜೊತೆ ಕೂರೋಕೆ ಜಾಗ ಇರಲಿಲ್ಲ. ಶಾಲೆ ಎಲ್ಲರಿಗೂ ತೆರೆಯಬೇಕು ಅನ್ನೋ ಆದೇಶ ಗಟ್ಟಿಯಾಗೋ ಹೊತ್ತಿಗೆ 1910ರ ದಶಕ ಮುಗೀತಾ ಬಂದಿತ್ತು. ಮಿಲ್ಲರ್ ಸಮಿತಿ ರಚನೆಯಾದದ್ದು 1918ರಲ್ಲಿ. ಬೆಳಗಿನ ತರಗತಿಗೇ ಬಾಗಿಲು ತೆರೆಯದ ಕಾಲದಲ್ಲಿ ಸಂಜೆಯ ಟೆನಿಸ್ ಕೋರ್ಟಿನ ಮಾತು ಎಲ್ಲಿಂದ ಬರಬೇಕು?

ಹೆಣ್ಣುಮಕ್ಕಳ ವಿಷಯವನ್ನೂ ನೋಡಿ. 1933ರಲ್ಲಿ ಇದೇ ವಿಜ್ಞಾನ ಸಂಸ್ಥೆಗೆ ಕಮಲಾ ಭಾಗವತ್ ಬಂದಾಗ, ಹೆಣ್ಣು ಅನ್ನೋ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ಸೇರಿಸಿಕೊಳ್ಳೋದಿಲ್ಲ ಅಂದರು. ಆಕೆ ಹಟ ಹಿಡಿದ ಮೇಲೆ ಒಂದು ವರ್ಷ ಪರೀಕ್ಷಾರ್ಥ ಅಂತ ಒಳಗೆ ಬಿಟ್ಟರು. ಮುಂದೆ ಕಮಲಾ ಸೊಹೋನಿ ಅಂತ ಹೆಸರಾದ ವಿಜ್ಞಾನಿ ಆಕೆ. ಓದಿದ, ಮೇಲ್ಜಾತಿಯ ಹೆಣ್ಣುಮಗಳಿಗೇ ಲ್ಯಾಬಿನ ಬಾಗಿಲಲ್ಲಿ ಇಷ್ಟು ತಡೆ. ದಲಿತ ಹೆಣ್ಣುಮಗಳು ಟ್ರ್ಯಾಕ್ ಸೂಟ್ ಹಾಕಿ ಕ್ಯಾಂಪಸ್ ಮೈದಾನಕ್ಕೆ ಬರೋಕೆ ಎಷ್ಟು ದಶಕ ಬೇಕಾಯಿತು ಅಂತ ನೀವೇ ಲೆಕ್ಕ ಹಾಕಿ.

ಯಶವಂತಪುರದಿಂದ ಹೆಬ್ಬಾಳಕ್ಕೆ ಬನ್ನಿ. ಇಲ್ಲಿ 1913ರಲ್ಲಿ ಕೃಷಿ ಶಾಲೆ, 1946ರಲ್ಲಿ ಕೃಷಿ ಕಾಲೇಜು. 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಆಯಿತು. 1969ರಲ್ಲಿ ಇಂದಿರಾ ಗಾಂಧಿ ಅಡಿಗಲ್ಲು ಹಾಕಿದ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಅಂದರೆ ನಮ್ಮ ಜಿಕೆವಿಕೆ, ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆಗೆ ಸುಮಾರು 1,300 ಎಕರೆಯಲ್ಲಿ ಬೆಳೆಯಿತು.

ಕೃಷಿ ವಿಶ್ವವಿದ್ಯಾಲಯ ಅಂದರೆ ಮೈ ದುಡಿಮೆಯ ವಿದ್ಯೆ. ಅಲ್ಲಿ ಬಿಎಸ್ಸಿ ಓದೋರಿಗೆ ದೈಹಿಕ ಶಿಕ್ಷಣವೂ ಪಠ್ಯದ ಭಾಗ. ಕೂತು ಓದೋ ಹುಡುಗರ ಮೈ ಗಟ್ಟಿಯಾಗಲಿ ಅಂತ ಮಾಡಿದ್ದು, ಒಳ್ಳೇದೇ. ಆದರೆ ಅದೇ ಕ್ಯಾಂಪಸ್ಸಿನ ಹೊಲದಲ್ಲಿ ದಿನವಿಡೀ ಕಳೆ ಕಿತ್ತ ಹೆಂಗಸು ಸಂಜೆ 'ಎಕ್ಸರ್‌ಸೈಜ್' ಮಾಡ್ತಾಳಾ? ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿ ನಗರದ ಯುವಕರಿಗೆ ಅಂಗಸಾಧನೆ ಕಲಿಸಿದರು. ಅದಕ್ಕೆ ಗೌರವ ಇದೆ. ಆದರೆ ಭಾರ ಎತ್ತೋದನ್ನ ಹವ್ಯಾಸ ಮಾಡಿಕೊಳ್ಳಬೇಕಾದರೆ ಹೊಟ್ಟೆಪಾಡಿಗೆ ಭಾರ ಎತ್ತೋ ಕರ್ಮ ಇರಬಾರದು. ನಮ್ಮಪ್ಪಂದಿರಿಗೆ ಕಸರತ್ತು ಸಾಕಷ್ಟಿತ್ತು. ಇಲ್ಲದೇ ಇದ್ದದ್ದು ಬಿಡುವು. ಜಾತಿ ನಮ್ಮಿಂದ ನೆಲ, ನೀರು, ಅಕ್ಷರ ಕಿತ್ತುಕೊಂಡಿತು ಅಂತ ಹೇಳ್ತೀವಿ. ಬಿಡುವನ್ನೂ ಕಿತ್ತುಕೊಂಡಿತು ಅನ್ನೋದನ್ನ ಹೇಳೋದು ಕಡಿಮೆ.

1973ರ ಕೊನೆಯಲ್ಲಿ ಬಸವಲಿಂಗಪ್ಪನವರ ಬೂಸಾ ಮಾತು, ಅದರ ಬೆನ್ನಿಗೆ ಗಲಾಟೆ, ಹಾಸ್ಟೆಲ್ ಹುಡುಗರ ಮೇಲೆ ಹಲ್ಲೆ. ಆ ಬಿಸಿಯಲ್ಲೇ ದಲಿತ ಸಂಘರ್ಷ ಸಮಿತಿ ಹುಟ್ಟಿತು. ಹಾಸ್ಟೆಲ್ಲುಗಳೇ ಚಳವಳಿಯ ಕೋಟೆಯಾದವು. ಅಲ್ಲಿ ಓದು, ಚರ್ಚೆ, ಹೋರಾಟದ ಹಾಡು ಎಲ್ಲ ಇತ್ತು. ಮೈದಾನದ ಬೇಡಿಕೆ ಮಾತ್ರ ಪಟ್ಟಿಯ ಕೊನೆಗೆ ಹೋಯಿತು. ಅದಕ್ಕೆ ಕಾರಣವೂ ಇತ್ತು: ಅನ್ನ ಸರಿ ಇಲ್ಲ, ಸ್ಕಾಲರ್‌ಶಿಪ್ ಬಂದಿಲ್ಲ, ಊರಲ್ಲಿ ದೌರ್ಜನ್ಯ. ಇಂಥ ಹೊತ್ತಲ್ಲಿ ಫುಟ್‌ಬಾಲ್ ಕೇಳೋಕೆ ಯಾರಿಗೆ ಬಾಯಿ ಬರುತ್ತೆ? ರಜಾ ಬಂದರೆ ಹುಡುಗರು ಊರಿಗೆ ಹೋಗಿ ಕೂಲಿ ಮಾಡ್ತಿದ್ದರು.

ಈಗ ಕ್ಯಾಂಪಸ್ಸಿನಲ್ಲಿ 'ನಿಮಗೆ ಪ್ರವೇಶವಿಲ್ಲ' ಅಂತ ಯಾರೂ ಬೋರ್ಡ್ ಹಾಕಲ್ಲ. ಹಾಕಬೇಕಾಗಿಯೂ ಇಲ್ಲ. ನಾನು ಓದಿದ ಕಾಲೇಜಿನ ಹೆಸರು ಬೇಡ. ಅಲ್ಲಿ ಕ್ರಿಕೆಟ್ ಟ್ರಯಲ್ಸಿಗೆ ಬಿಳಿ ಪ್ಯಾಂಟು, ಬಿಳಿ ಶರ್ಟು, ಸ್ಪೈಕ್ ಶೂ ಇದ್ದವರು ಮಾತ್ರ ಬನ್ನಿ ಅಂತ ನೋಟಿಸ್ ಹಚ್ಚಿದ್ದರು. ನಮ್ಮ ಹಾಸ್ಟೆಲಿನಲ್ಲಿ ಹಳ್ಳಿ ಕಡೆ ಟೆನಿಸ್ ಬಾಲ್ ಟೂರ್ನಮೆಂಟಿನಲ್ಲಿ ಹೆಸರು ಮಾಡಿದ್ದ ಇಬ್ಬರು ಬೌಲರ್‌ಗಳಿದ್ದರು. ನೋಟಿಸ್ ಓದಿ, ವಾಪಸ್ ಬಂದು ಮಲಗಿದರು. ಯಾರೂ ಅವರ ಜಾತಿ ಕೇಳಲಿಲ್ಲ. ಶೂ ಕೇಳಿದರು, ಅಷ್ಟೇ.

ಇದು ನನ್ನೊಬ್ಬನ ಅನುಭವ ಅಂತ ತಳ್ಳಿಹಾಕೋರಿಗೆ ದೆಹಲಿಯ ಏಮ್ಸ್ ನೆನಪಿಸ್ತೀನಿ. ಸುಖದೇವ್ ಥೋರಟ್ ಸಮಿತಿ 2007ರಲ್ಲಿ ಕೊಟ್ಟ ವರದಿ ದೇಶದ ಆ ದೊಡ್ಡ ವೈದ್ಯಕೀಯ ಸಂಸ್ಥೆಯಲ್ಲಿ ಜಾತಿ ತಾರತಮ್ಯ ಹೇಗಿದೆ ಅಂತ ದಾಖಲಿಸಿತು. ಹಾಸ್ಟೆಲ್, ಮೆಸ್ ಜೊತೆಗೆ ಆಟೋಟ, ಸಾಂಸ್ಕೃತಿಕ ಕಾರ್ಯಕ್ರಮಗಳಲ್ಲೂ ಎಸ್‌ಸಿ/ಎಸ್‌ಟಿ ವಿದ್ಯಾರ್ಥಿಗಳನ್ನ ದೂರ ಇಡೋದು ಅದರಲ್ಲಿದೆ. ಟೀಮು ಕಟ್ಟೋದು ಗೆಳೆತನದ ಗುಂಪಿನೊಳಗೆ. ಆ ಗುಂಪು ಕೂಡೋದು ಭಾಷೆ, ಊಟ, ಮನೆತನ ನೋಡಿ. ಇದು ನಿಮಗೆ ಗೊತ್ತಿರೋದೇ.

ಹಾಗಂತ ನಮ್ಮವರಿಗೆ ಆಟ ಗೊತ್ತಿಲ್ಲವಾ? ಹಲಸೂರು ಕಡೆಯ ಗೌತಮಪುರಕ್ಕೆ ಹೋಗಿ ನೋಡಿ. ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡ ಬಡಾವಣೆ ಅದು, ಫುಟ್‌ಬಾಲ್ ಅಲ್ಲಿನ ಉಸಿರು. ಇಪ್ಪತ್ತೆರಡು ಜನಕ್ಕೆ ಒಂದು ಚೆಂಡು ಸಾಕಾಗೋ ಆಟ ಬಡವರ ಕೇರಿಯಲ್ಲಿ ಬೇರು ಬಿಟ್ಟದ್ದರಲ್ಲಿ ಆಶ್ಚರ್ಯ ಇಲ್ಲ. ಏಪ್ರಿಲ್ 14 ಬಂದರೆ ಎಷ್ಟು ಊರಲ್ಲಿ ಅಂಬೇಡ್ಕರ್ ಜಯಂತಿ ಕಬಡ್ಡಿ, ವಾಲಿಬಾಲ್ ಪಂದ್ಯ ನಡೆಯುತ್ತೆ! ಆ ಆಟಗಾರರಲ್ಲಿ ಎಷ್ಟು ಜನ ವಿಶ್ವವಿದ್ಯಾಲಯದ ಜೆರ್ಸಿ ಹಾಕ್ತಾರೆ ಅನ್ನೋದೇ ಪ್ರಶ್ನೆ. ಕ್ರೀಡಾ ಕೋಟಾದ ಸೀಟಿಗೆ ಸರ್ಟಿಫಿಕೇಟ್ ಬೇಕು. ಸರ್ಟಿಫಿಕೇಟಿಗೆ ಚಿಕ್ಕಂದಿನಿಂದ ಕೋಚಿಂಗ್ ಬೇಕು, ಊರೂರಿಗೆ ಕರೆದುಕೊಂಡು ಹೋಗೋ ಅಪ್ಪ ಅಮ್ಮ ಬೇಕು. ಒಂದು ದಿನದ ಕೂಲಿ ಬಿಟ್ಟು ಯಾವ ಅವ್ವ ಮಗನ ಮ್ಯಾಚಿಗೆ ಹೋಗೋಕಾಗುತ್ತೆ?

2022ರ ಏಪ್ರಿಲ್–ಮೇನಲ್ಲಿ ಬೆಂಗಳೂರಿನಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆಯಿತು. ಆತಿಥ್ಯ ವಹಿಸಿದ ಜೈನ್ ಯೂನಿವರ್ಸಿಟಿ 20 ಚಿನ್ನ ಗೆದ್ದು ಮೊದಲ ಸ್ಥಾನಕ್ಕೆ ಬಂತು. ಗೆದ್ದ ಮಕ್ಕಳಿಗೆ ಅಭಿನಂದನೆ. ಆದರೆ ಪದಕ ಪಟ್ಟಿಯೇ ಕ್ಯಾಂಪಸ್ ಆಟದ ಅಳತೆಯಾದರೆ, ಪದಕ ತರದ ಸಾಮಾನ್ಯ ವಿದ್ಯಾರ್ಥಿ ಸುಮ್ಮನೆ ಖುಷಿಗೆ ಆಡೋ ಹಕ್ಕು ಲೆಕ್ಕಕ್ಕೇ ಬರೋದಿಲ್ಲ. ನಮ್ಮ ಯಲಹಂಕ ಸುತ್ತಮುತ್ತ ಖಾಸಗಿ ವಿಶ್ವವಿದ್ಯಾಲಯಗಳು ಎದ್ದಿವೆ. 2005ರ ಸಂವಿಧಾನ ತಿದ್ದುಪಡಿ 15(5)ನೇ ವಿಧಿ ತಂದು ಖಾಸಗಿ ಸಂಸ್ಥೆಗಳಲ್ಲೂ ಮೀಸಲಾತಿಗೆ ದಾರಿ ಮಾಡಿತು. ಅದನ್ನ ಜಾರಿ ಮಾಡೋ ಕೇಂದ್ರದ ಕಾನೂನು ಬಂದದ್ದು ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ ಮಾತ್ರ. ಹೊರಗೆ ರಸ್ತೆಯಲ್ಲಿ ಟರ್ಫ್ ಮೈದಾನಗಳು, ಗಂಟೆಗಿಷ್ಟು ಅಂತ ಬಾಡಿಗೆ. ಹಿಂದೆ ಜಾತಿ ಕೇಳ್ತಿದ್ದ ಗೇಟು ಈಗ ದುಡ್ಡು ಕೇಳುತ್ತೆ. ಹೊರಗೆ ನಿಲ್ಲೋರು ಬಹುತೇಕ ಅವರೇ.

ಸಂವಿಧಾನದ 15(2)ನೇ ವಿಧಿಯನ್ನ ನಾವು ಬಾವಿ, ಕೆರೆ, ಹೋಟೆಲಿಗೆ ಅಂತ ಓದ್ತೀವಿ. ಅದರಲ್ಲೇ, ಸರ್ಕಾರದ ಹಣದಿಂದ ನಡೆಯೋ ಸಾರ್ವಜನಿಕ ಜಾಗಗಳ ಬಳಕೆಗೆ ಜಾತಿ ಅಡ್ಡ ಬರಬಾರದು ಅಂತಲೂ ಇದೆ. ಸರ್ಕಾರಿ ವಿಶ್ವವಿದ್ಯಾಲಯದ ಮೈದಾನವನ್ನೂ ಈ ಕಣ್ಣಿನಿಂದ ನೋಡಬೇಕು.

ಹಾಗಾಗಿ ಕೆಲವು ಬೇಡಿಕೆ. ಸಮಾಜ ಕಲ್ಯಾಣ ಇಲಾಖೆಯ ಪ್ರತಿ ಹಾಸ್ಟೆಲಿಗೂ ಆಟದ ಸಾಮಾನು, ಆಡೋರಿಗೆ ಶೂ, ವಾರಕ್ಕೆ ಕೆಲವು ದಿನವಾದರೂ ಬರೋ ಕೋಚ್. 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆಯ ಹಣ ಇಂಥದ್ದಕ್ಕೆ ಬರಲಿ. ಟ್ರಯಲ್ಸಿಗೆ ಬಟ್ಟೆ, ಶೂ ಷರತ್ತು ಹಾಕೋದು ನಿಲ್ಲಲಿ, ಬೇಕಾದ ಕಿಟ್ ಕಾಲೇಜೇ ಕೊಡಲಿ. ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟ್ ಮುಚ್ಚೋ ಹೊತ್ತು ಮೈದಾನದ ಹೊತ್ತಿಗೆ ಹೊಂದಲಿ. ಕ್ಯಾಂಪಸ್ ಗುಡಿಸೋ, ಗಿಡಕ್ಕೆ ನೀರು ಹಾಕೋ ಗುತ್ತಿಗೆ ಕೆಲಸಗಾರರ ಮಕ್ಕಳಿಗೂ ಆ ಮೈದಾನದಲ್ಲಿ ಹೊತ್ತು ಗೊತ್ತು ಮಾಡಲಿ.

ವಿಶ್ವವಿದ್ಯಾಲಯಗಳಲ್ಲಿ ಓದ್ತಿರೋ ತಮ್ಮಂದಿರೇ, ತಂಗಿಯರೇ, ನಾಳೆ ಸಂಜೆ ಐದಕ್ಕೆ ಪುಸ್ತಕ ಮುಚ್ಚಿ ಮೈದಾನಕ್ಕೆ ಹೋಗಿ. ಆಡೋರು ಯಾರು, ಗೆರೆ ಹಾಕೋರು ಯಾರು ಅಂತ ನೋಡಿ. ಅಲ್ಲೇನು ನಡೀತು ಅಂತ ಕಾಮೆಂಟಿನಲ್ಲಿ ಬರೆಯಿರಿ. ಆಮೇಲೆ ನೀವೂ ಆಡಿ. ಚೆನ್ನಾಗಿ ಆಡಲೇಬೇಕು ಅಂತೇನಿಲ್ಲ.

ಜೈ ಭೀಮ್.