ಪಾಲಿಟನಲ್‌ನಲ್ಲಿ ಟೊಮೇಟೊ ಬೇಸಾಯ

ಕಮಾನಿನಾಕಾರದ ಲೋಹದ ಕೊಳವೆಗಳ ಮೇಲೆ ಪಾರದರ್ಶಕ ಪಾಲಿಥೀನ್ ಹಾಳೆ ಹೊದಿಸಿ ನಿರ್ಮಿಸಿದ, ಸುರಂಗವನ್ನು ಹೋಲುವ ಹಸಿರುಮನೆಗೆ ಪಾಲಿಟನಲ್ ಎಂದು ಹೆಸರು. ಬ್ರಿಟನ್ ಮತ್ತು ಐರ್ಲೆಂಡ್‌ಗಳಂತಹ ತಂಪು ಪ್ರದೇಶಗಳ ಮನೆತೋಟಗಳಲ್ಲಿ ಟೊಮೇಟೊ ಬೆಳೆಯಲು ಇದನ್ನು ವ್ಯಾಪಕವಾಗಿ ಬಳಸುತ್ತಾರೆ. ಅಲ್ಲಿನ ಬೇಸಿಗೆ ಚಿಕ್ಕದು. ಬಯಲಿನಲ್ಲಿ ನೆಟ್ಟ ಗಿಡ ಕಾಯಿ ಬಿಟ್ಟರೂ ಕಾಯಿ ಕೆಂಪಾಗುವ ಮೊದಲೇ ಚಳಿ ಅಥವಾ ಅಂಗಮಾರಿ ರೋಗ ಬೆಳೆಯನ್ನು ಹಾಳುಮಾಡುವುದುಂಟು. ಗಿಡಕ್ಕೆ ಕೆಲವು ವಾರಗಳ ಹೆಚ್ಚುವರಿ ಬೆಚ್ಚನೆಯ ಕಾಲವನ್ನು ಒದಗಿಸುವುದೇ ಪಾಲಿಟನಲ್‌ನ ಮುಖ್ಯ ಪ್ರಯೋಜನ.

ಹಿನ್ನೆಲೆ

ಟೊಮೇಟೊ (ಸೊಲಾನಮ್ ಲೈಕೊಪರ್ಸಿಕಮ್) ಬದನೆ ಮತ್ತು ಆಲೂಗಡ್ಡೆಗಳ ಕುಟುಂಬಕ್ಕೆ ಸೇರಿದ ಸಸ್ಯ. ಇದಕ್ಕೆ ಕನ್ನಡದಲ್ಲಿ ಗೂದೆಹಣ್ಣು, ಚಪ್ಪರಬದನೆ ಎಂಬ ಹೆಸರುಗಳೂ ಇವೆ. ಇದರ ಕಾಡುಬಂಧುಗಳ ನೆಲೆ ದಕ್ಷಿಣ ಅಮೆರಿಕದ ಪಶ್ಚಿಮ ಭಾಗ. 16ನೆಯ ಶತಮಾನದಲ್ಲಿ ಸ್ಪೇನಿನವರ ಮೂಲಕ ಇದು ಯುರೋಪನ್ನು ತಲುಪಿತು. ಉತ್ತರ ಯುರೋಪಿನ ಚಳಿಯನ್ನು ತಾಳಲಾರದ ಈ ಗಿಡವನ್ನು ಅಲ್ಲಿ ಬಹುಕಾಲ ಗಾಜಿನ ಮನೆಗಳಲ್ಲಿ ಬೆಳೆಸಲಾಗುತ್ತಿತ್ತು.

ಪಾಲಿಥೀನನ್ನು 1933ರಲ್ಲಿ ಇಂಗ್ಲೆಂಡಿನ ಚೆಷೈರ್‌ನಲ್ಲಿದ್ದ ಐಸಿಐ ಸಂಸ್ಥೆಯ ಪ್ರಯೋಗಾಲಯದಲ್ಲಿ ರೆಜಿನಾಲ್ಡ್ ಗಿಬ್ಸನ್ ಮತ್ತು ಎರಿಕ್ ಫಾಸೆಟ್ ಆಕಸ್ಮಿಕವಾಗಿ ಪಡೆದರು. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಇ. ಎಂ. ಎಮರ್ಟ್ 1948ರಲ್ಲಿ ಗಾಜಿನ ಬದಲು ಸೆಲೊಫೇನ್ ಹಾಳೆ ಹೊದಿಸಿದ ಹಸಿರುಮನೆಯನ್ನು ನಿರ್ಮಿಸಿದರು. ಮುಂದೆ ಪಾಲಿಥೀನ್ ಆ ಸ್ಥಾನವನ್ನು ಪಡೆಯಿತು. ಗಾಜಿಗಿಂತ ಬಹಳ ಅಗ್ಗವಾದುದರಿಂದ ಸಾಮಾನ್ಯ ಮನೆತೋಟಗಳಿಗೂ ಹಸಿರುಮನೆ ಎಟುಕುವಂತಾಯಿತು.

ರಚನೆ

ಸತು ಲೇಪಿತ ಉಕ್ಕಿನ ಕೊಳವೆಗಳನ್ನು ಕಮಾನಿನಂತೆ ಬಾಗಿಸಿ ನೆಲದಲ್ಲಿ ನೆಡುತ್ತಾರೆ. ಅವುಗಳ ಮೇಲೆ ನೇರಳಾತೀತ ಕಿರಣಗಳನ್ನು ತಾಳುವ ಪಾಲಿಥೀನ್ ಹಾಳೆಯನ್ನು ಬಿಗಿಯಾಗಿ ಎಳೆದು, ಅಂಚುಗಳನ್ನು ಎರಡೂ ಬದಿಯ ಕಾಲುವೆಗಳಲ್ಲಿ ಹೂತು ಮಣ್ಣು ಮುಚ್ಚುತ್ತಾರೆ. ಗಾಳಿಯ ಸಂಚಾರಕ್ಕಾಗಿ ಎರಡು ತುದಿಗಳಲ್ಲಿಯೂ ಬಾಗಿಲುಗಳಿರುವುದು ಒಳ್ಳೆಯದು. ಹಗಲಿನಲ್ಲಿ ಒಳಗಿನ ಗಾಳಿ ಬೇಗನೆ ಬಿಸಿಯಾಗುತ್ತದೆ. ಆದರೆ ತೆಳುವಾದ ಹಾಳೆ ರಾತ್ರಿ ಆ ಬಿಸಿಯನ್ನು ಹಿಡಿದಿಡಲಾರದು. ಆದುದರಿಂದ ಪಾಲಿಟನಲ್‌ನೊಳಗೆ ಹಗಲು ಅತಿ ಸೆಕೆ, ರಾತ್ರಿ ಚಳಿ ಎಂಬ ಏರಿಳಿತ ಸಹಜ.

ಬೇಸಾಯ ಕ್ರಮ

ಬಿತ್ತನೆ ಮತ್ತು ನಾಟಿ: ಬ್ರಿಟನ್ನಿನಲ್ಲಿ ಫೆಬ್ರವರಿ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಮನೆಯೊಳಗೆ ಬೀಜ ಬಿತ್ತುತ್ತಾರೆ. ಮೊಳಕೆಗೆ ಸುಮಾರು 18°ರಿಂದ 21° ಸೆ. ಉಷ್ಣಾಂಶ ಬೇಕು. ಕೃತಕ ಶಾಖವಿಲ್ಲದ ಪಾಲಿಟನಲ್‌ಗೆ ಸಸಿಗಳನ್ನು ಸಾಮಾನ್ಯವಾಗಿ ಮೇ ತಿಂಗಳಿನಲ್ಲಿ, ಮೊದಲ ಹೂಗೊಂಚಲು ಕಾಣಿಸಿಕೊಂಡಾಗ, 45ರಿಂದ 60 ಸೆಂ.ಮೀ. ಅಂತರದಲ್ಲಿ ನಾಟಿ ಮಾಡುತ್ತಾರೆ.

ತಳಿ ಮತ್ತು ಸವರುವಿಕೆ: ಎತ್ತರಕ್ಕೆ ಬೆಳೆಯುತ್ತಲೇ ಹೋಗುವ ತಳಿಗಳು ಮತ್ತು ಪೊದೆಯಾಗಿ ಹರಡುವ ತಳಿಗಳು ಎಂದು ಎರಡು ಬಗೆಗಳಿವೆ. ಪಾಲಿಟನಲ್‌ನಲ್ಲಿ ಸ್ಥಳ ಮಿತವಾಗಿರುವುದರಿಂದ ಐಲ್ಸಾ ಕ್ರೇಗ್, ಮನಿಮೇಕರ್, ಗಾರ್ಡನರ್ಸ್ ಡಿಲೈಟ್, ಸನ್‌ಗೋಲ್ಡ್‌ಗಳಂತಹ ಎತ್ತರದ ತಳಿಗಳು ಹೆಚ್ಚು ಬಳಕೆಯಲ್ಲಿವೆ. ಇವುಗಳನ್ನು ಮೇಲಿನಿಂದ ಇಳಿಬಿಟ್ಟ ದಾರಕ್ಕೆ ಸುತ್ತಿ ಬೆಳೆಸುತ್ತಾರೆ. ಎಲೆಯ ಕಂಕುಳಲ್ಲಿ ಹುಟ್ಟುವ ಪಕ್ಕದ ಚಿಗುರುಗಳನ್ನು ಆಗಾಗ ಚಿವುಟಬೇಕು. ಸುಮಾರು ಏಳು ಗೊಂಚಲು ಕಟ್ಟಿದ ಬಳಿಕ, ಇಲ್ಲವೇ ಆಗಸ್ಟ್ ತಿಂಗಳಿನಲ್ಲಿ, ಗಿಡದ ತುದಿಯನ್ನೂ ಚಿವುಟುತ್ತಾರೆ. ಅನಂತರ ಬಿಡುವ ಹೂವು ಚಳಿಗೆ ಮೊದಲು ಹಣ್ಣಾಗಲಾರದು. ತುದಿ ಚಿವುಟಿದರೆ ಗಿಡದ ಸತ್ತ್ವ ಈಗಾಗಲೇ ಇರುವ ಕಾಯಿಗಳಿಗೆ ಒದಗುತ್ತದೆ.

ನೀರು ಮತ್ತು ಗೊಬ್ಬರ: ಪಾಲಿಟನಲ್‌ನೊಳಗೆ ಮಳೆ ಬೀಳದ ಕಾರಣ ನೀರು ಪೂರ್ತಿಯಾಗಿ ಬೆಳೆಗಾರನ ಹೊಣೆ. ಒಮ್ಮೆ ಒಣಗಿಸಿ ಮತ್ತೊಮ್ಮೆ ಯಥೇಚ್ಛ ನೀರುಣಿಸಿದರೆ ಹಣ್ಣು ಬಿರಿಯುತ್ತದೆ. ನೀರಿನ ಕೊರತೆಯಿಂದ ಕ್ಯಾಲ್ಸಿಯಂ ಕಾಯಿಯನ್ನು ತಲುಪದಿದ್ದರೆ ಕಾಯಿಯ ತಳಭಾಗ ಕಪ್ಪಾಗಿ ಕೊಳೆಯುತ್ತದೆ. ಮೊದಲ ಗೊಂಚಲಿನಲ್ಲಿ ಕಾಯಿ ಕಟ್ಟಿದ ಮೇಲೆ 10–14 ದಿನಗಳಿಗೊಮ್ಮೆ ಪೊಟ್ಯಾಷ್ ಹೆಚ್ಚಿರುವ ದ್ರವಗೊಬ್ಬರ ಕೊಡುತ್ತಾರೆ.

ಪರಾಗಸ್ಪರ್ಶ: ಟೊಮೇಟೊ ಹೂವಿನಲ್ಲಿ ಸ್ವಕೀಯ ಪರಾಗಸ್ಪರ್ಶ ನಡೆಯುತ್ತದೆಯಾದರೂ ಕೇಸರಗಳು ಕೂಡಿ ಆದ ಕೊಳವೆಯಿಂದ ಪರಾಗ ಉದುರಲು ಹೂವು ಅದುರಬೇಕು. ಬಯಲಿನಲ್ಲಿ ಗಾಳಿ ಈ ಕೆಲಸ ಮಾಡುತ್ತದೆ. ಮುಚ್ಚಿದ ಪಾಲಿಟನಲ್‌ನಲ್ಲಿ ಗೊಂಚಲನ್ನು ಮೆಲ್ಲನೆ ತಟ್ಟಬೇಕಾಗುತ್ತದೆ. ಹೂವನ್ನು ಹಿಡಿದು ಝೇಂಕರಿಸಿ ಅದುರಿಸುವ ಬಂಬಲ್‌ಬೀ ದುಂಬಿಗಳು ಇದಕ್ಕೆ ಅತ್ಯುತ್ತಮ ಸಹಾಯಕರು. 1980ರ ದಶಕದ ಕೊನೆಯಿಂದ ಯುರೋಪಿನ ವಾಣಿಜ್ಯ ಬೆಳೆಗಾರರು ಇವುಗಳ ಗೂಡುಗಳನ್ನು ಹಸಿರುಮನೆಗಳಲ್ಲಿ ಇರಿಸುತ್ತಿದ್ದಾರೆ.

ಹಣ್ಣಾಗುವ ಕ್ರಿಯೆ

ಕಾಯಿ ಕೆಂಪಾಗಲು ಅದರ ಮೇಲೆ ಬಿಸಿಲು ಬೀಳಬೇಕೆಂಬುದು ಸಾಮಾನ್ಯ ನಂಬಿಕೆ. ವಾಸ್ತವವಾಗಿ, ಬಲಿತ ಕಾಯಿ ಕತ್ತಲೆಯಲ್ಲಿಯೂ ಹಣ್ಣಾಗಬಲ್ಲದು. ಇಲ್ಲಿ ನಿರ್ಣಾಯಕವಾದುದು ಉಷ್ಣಾಂಶ ಮತ್ತು ಎಥಿಲೀನ್ ಎಂಬ ಅನಿಲ.

ಬಲಿತ ಕಾಯಿ ತಾನೇ ಎಥಿಲೀನನ್ನು ಉತ್ಪಾದಿಸುತ್ತದೆ. ಆ ಅನಿಲ ಮತ್ತಷ್ಟು ಎಥಿಲೀನಿನ ಉತ್ಪಾದನೆಯನ್ನು ಪ್ರಚೋದಿಸುತ್ತದೆ. ಹಣ್ಣುಗಳು ಈ ಅನಿಲವನ್ನು ಹೊರಸೂಸುತ್ತವೆ ಎಂಬುದನ್ನು 1934ರಲ್ಲಿ ಬ್ರಿಟನ್ನಿನ ರಿಚರ್ಡ್ ಗೇನ್ ಸೇಬಿನ ಮೇಲಿನ ಪ್ರಯೋಗದಿಂದ ಸ್ಥಾಪಿಸಿದರು. ಎಥಿಲೀನಿನ ಪ್ರಭಾವದಿಂದ ಹಸಿರು ಬಣ್ಣದ ಪತ್ರಹರಿತ್ತು ನಶಿಸಿ, ಲೈಕೊಪೀನ್ ಎಂಬ ಕೆಂಪು ವರ್ಣಕ ತುಂಬಿಕೊಳ್ಳುತ್ತದೆ. ತಿರುಳು ಮೆದುವಾಗಿ ಪರಿಮಳ ಕೂಡುತ್ತದೆ.

ಲೈಕೊಪೀನ್ ಚೆನ್ನಾಗಿ ರೂಪುಗೊಳ್ಳುವುದು ಸುಮಾರು 20°ರಿಂದ 25° ಸೆ. ಉಷ್ಣಾಂಶದಲ್ಲಿ. ಉಷ್ಣಾಂಶ 30° ದಾಟಿದರೆ ಅದರ ಉತ್ಪಾದನೆ ಕುಂಠಿತವಾಗಿ, ಹಳದಿ ವರ್ಣಕಗಳು ಮಾತ್ರ ಉಳಿದು ಹಣ್ಣು ಕಿತ್ತಳೆ ಬಣ್ಣದಲ್ಲಿಯೇ ನಿಲ್ಲುತ್ತದೆ. 10°ಗಿಂತ ಕೆಳಗೆ ಮಾಗುವಿಕೆ ಬಹುಮಟ್ಟಿಗೆ ನಿಂತುಹೋಗುತ್ತದೆ. ಆದುದರಿಂದ ನಡುಬೇಸಿಗೆಯಲ್ಲಿ ಬಾಗಿಲುಗಳನ್ನು ತೆರೆದಿಡುವುದೂ ನೆರಳು ಒದಗಿಸುವುದೂ ಹಣ್ಣಿನ ಬಣ್ಣಕ್ಕೆ ಸಹಾಯಕ. ಶರತ್ಕಾಲದಲ್ಲಿ ಸಂಜೆಗೆ ಮೊದಲೇ ಬಾಗಿಲು ಮುಚ್ಚಿ ಹಗಲಿನ ಶಾಖವನ್ನು ಕಾಪಾಡಿಕೊಳ್ಳಬೇಕಾಗುತ್ತದೆ. ಬಿಸಿಲು ತಗಲಲೆಂದು ಎಲೆಗಳನ್ನೆಲ್ಲ ಕೀಳುವುದು ತಪ್ಪು. ಎಲೆಗಳಿಲ್ಲದೆ ಹಣ್ಣಿಗೆ ಸಕ್ಕರೆ ಒದಗದು, ನೇರ ಬಿಸಿಲಿಗೆ ಕಾಯಿಯ ಸಿಪ್ಪೆ ಬೇಯುತ್ತದೆ. ಮಾಗುತ್ತಿರುವ ಗೊಂಚಲಿನ ಕೆಳಗಿನ ಹಳೆಯ ಎಲೆಗಳನ್ನು ಮಾತ್ರ ಗಾಳಿಯಾಡಲೆಂದು ತೆಗೆಯುತ್ತಾರೆ.

ಋತುವಿನ ಕೊನೆಯ ಕಾಯಿಗಳು

ಅಕ್ಟೋಬರ್ ವೇಳೆಗೆ ಗಿಡಗಳಲ್ಲಿ ಹಸಿರು ಕಾಯಿಗಳು ಉಳಿದಿರುವುದು ಸಾಮಾನ್ಯ. ಪೂರ್ಣ ಗಾತ್ರಕ್ಕೆ ಬಂದು ಹೊಳಪು ಪಡೆದ ಕಾಯಿಗಳನ್ನು ಕೊಯ್ದು, ಮನೆಯೊಳಗೆ ಡಬ್ಬಿಯಲ್ಲಿ ಅಥವಾ ಮೇಜಿನ ಖಾನೆಯಲ್ಲಿ ಒಂದು ಮಾಗಿದ ಬಾಳೆಹಣ್ಣು ಅಥವಾ ಸೇಬಿನೊಂದಿಗೆ ಇರಿಸಿದರೆ, ಆ ಹಣ್ಣಿನ ಎಥಿಲೀನ್ ಕಾಯಿಗಳನ್ನು ಮಾಗಿಸುತ್ತದೆ. ಕೊಳೆತವುಗಳನ್ನು ಆಗಾಗ ಆರಿಸಿ ತೆಗೆಯಬೇಕು. ತುದಿಯಲ್ಲಿ ನಸುಗೆಂಪು ಕಾಣಿಸಿಕೊಂಡ ಮೇಲೆ ಕೊಯ್ದವುಗಳ ರುಚಿ ಗಿಡದಲ್ಲಿಯೇ ಹಣ್ಣಾದವುಗಳಿಗೆ ಸಮೀಪವಾಗಿರುತ್ತದೆ. ಎಳೆಯ ಕಾಯಿಗಳು ಹೀಗೆ ಹಣ್ಣಾಗುವುದಿಲ್ಲ. ಮಾಗದ ಕಾಯಿಗಳನ್ನು ಶೀತಪೆಟ್ಟಿಗೆಯಲ್ಲಿ ಇಡಬಾರದು. ಹಣ್ಣಾಗದೆ ಉಳಿದವು ಬ್ರಿಟನ್ನಿನ ಅಡುಗೆಮನೆಗಳಲ್ಲಿ ಚಟ್ನಿಯಾಗುತ್ತವೆ.

ರೋಗ ಮತ್ತು ಕೀಟಗಳು

1845ರಿಂದ ಐರ್ಲೆಂಡ್‌ನಲ್ಲಿ ಆಲೂಗಡ್ಡೆ ಬೆಳೆಯನ್ನು ನಾಶಮಾಡಿ ಮಹಾಕ್ಷಾಮಕ್ಕೆ ಕಾರಣವಾದ ಫೈಟಾಫ್ತೊರಾ ಇನ್ಫೆಸ್ಟನ್ಸ್ ಎಂಬ ಸೂಕ್ಷ್ಮಜೀವಿಯೇ ಟೊಮೇಟೊವಿಗೂ ಅಂಗಮಾರಿ ರೋಗವನ್ನು ತರುತ್ತದೆ. ಒದ್ದೆಯಾದ ಎಲೆಗಳ ಮೇಲೆ ಇದು ಮೊಳೆಯುತ್ತದೆ. ಮಳೆಯಿಂದ ಎಲೆಗಳನ್ನು ರಕ್ಷಿಸುವುದರಿಂದ ಪಾಲಿಟನಲ್ ಈ ರೋಗದ ಭಯವನ್ನು ಬಹಳ ಮಟ್ಟಿಗೆ ಕಡಿಮೆ ಮಾಡುತ್ತದೆ, ಆದರೆ ಪೂರ್ತಿ ನಿವಾರಿಸದು. ಆದುದರಿಂದ ನೀರನ್ನು ಬುಡಕ್ಕೆ ಮಾತ್ರ ಹಾಕಬೇಕು. ತೇವದ ಗಾಳಿ ನಿಂತರೆ ಬೂದುಬಣ್ಣದ ಬೂಷ್ಟು ಹಿಡಿಯುತ್ತದೆ. ಬಿಳಿನೊಣದ ಹತೋಟಿಗೆ ಎನ್ಕಾರ್ಸಿಯಾ ಫಾರ್ಮೋಸಾ ಎಂಬ ಸಣ್ಣ ಪರತಂತ್ರ ಕಣಜವನ್ನು 1920ರ ದಶಕದಿಂದಲೇ ಇಂಗ್ಲೆಂಡಿನಲ್ಲಿ ಬಳಸಲಾಗಿದೆ.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಟೊಮೇಟೊ ಮುಖ್ಯವಾಗಿ ಬಯಲಿನ ಬೆಳೆ. ಕೋಲಾರ ಜಿಲ್ಲೆ ಇದಕ್ಕೆ ಪ್ರಸಿದ್ಧ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಎಲೆ ಮುದುರು ರೋಗವೂ ಸೇರಿದಂತೆ ಮೂರು ರೋಗಗಳನ್ನು ತಡೆಯಬಲ್ಲ ಅರ್ಕಾ ರಕ್ಷಕ್ ಎಂಬ ಸಂಕರ ತಳಿಯನ್ನು ಅಭಿವೃದ್ಧಿಪಡಿಸಿದೆ. ಇಲ್ಲಿನ ತೊಡಕು ಚಳಿಯಲ್ಲ, ಬೇಸಿಗೆಯ ಸೆಕೆ. ಅತಿ ಉಷ್ಣದಲ್ಲಿ ಹೂವು ಉದುರುತ್ತದೆ, ಹಣ್ಣಿನ ಕೆಂಪು ಮಂಕಾಗುತ್ತದೆ. ಆದುದರಿಂದ ಬೇಸಿಗೆಯಲ್ಲಿ ಮನೆತೋಟ ಮತ್ತು ತಾರಸಿ ತೋಟಗಳಿಗೆ ಪೂರ್ತಿ ಮುಚ್ಚಿದ ಪಾಲಿಥೀನ್ ಹೊದಿಕೆಗಿಂತ ನೆರಳು ಪರದೆ ಹೆಚ್ಚು ಸೂಕ್ತ.

ಇವನ್ನೂ ನೋಡಿ

ಟೊಮೇಟೊ
ಹಸಿರುಮನೆ
ಎಥಿಲೀನ್
ಅಂಗಮಾರಿ ರೋಗ