ಕಾರ್ಟಾನಾಳಿಗಾಗಿ ಅತ್ತವರು



2012ರ ನವೆಂಬರ್ 6ರಂದು ಅಮೆರಿಕದಲ್ಲಿ 'ಹೇಲೋ 4' ಎಂಬ ವಿಡಿಯೋ ಆಟವೊಂದು ಬಿಡುಗಡೆಯಾಯಿತು. ಬಂದೂಕು ಹಿಡಿದ ಯೋಧನ ಕಣ್ಣಿನಿಂದಲೇ ಲೋಕವನ್ನು ಕಾಣುತ್ತ, ಎದುರಾದ ವೈರಿಗಳನ್ನು ಹೊಡೆದುರುಳಿಸುತ್ತ ಸಾಗುವ ಆಟ ಅದು. ಇಂಥದ್ದರ ಕೊನೆಯಲ್ಲಿ ನೌಕರಿ, ಸಂಸಾರಗಳಿರುವ ದೊಡ್ಡವರೂ ಕಣ್ಣೊರೆಸಿಕೊಂಡರು. ಅವರು ಅತ್ತದ್ದು ಮನುಷ್ಯಪಾತ್ರಕ್ಕಾಗಿ ಅಲ್ಲ, ಕಾರ್ಟಾನಾ ಎಂಬ ಕೃತಕ ಬುದ್ಧಿಯ ದನಿಗಾಗಿ. ಈ ಸಂಗತಿಯನ್ನು ನನಗೆ ತಿಳಿಸಿದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಅವನು ತೋರಿಸಿದ ದೃಶ್ಯಗಳನ್ನು ನೋಡಿದ ಬಳಿಕ ಇದರ ಹಿಂದಿನ ಚರಿತ್ರೆಯನ್ನು ಬರೆದಿಡಬೇಕೆನಿಸಿತು.

ಯಂತ್ರಕ್ಕೆ ಮನಸ್ಸು ಕೊಡುವ ಪ್ರವೃತ್ತಿ ಹೊಸತೇನಲ್ಲ. ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಜೋಸೆಫ್ ವೈಜೆನ್‌ಬಾಮ್ ಎಂಬ ವಿದ್ವಾಂಸರು 1966ರಲ್ಲಿ 'ಎಲೈಜಾ' ಎಂಬ ಗಣಕ ಕಾರ್ಯಕ್ರಮವನ್ನು ಲೋಕಕ್ಕೆ ಪರಿಚಯಿಸಿದರು. ನಾವು ಬೆರಳಚ್ಚಿಸಿದ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದಷ್ಟೇ ಅದರ ಕೆಲಸ. ಅರ್ಥವೆಂಬುದು ಅದಕ್ಕೆ ಎಳ್ಳಷ್ಟೂ ತಿಳಿಯದು. ಆದರೂ ಅದು ರೂಪುಗೊಂಡುದನ್ನು ತಿಂಗಳುಗಟ್ಟಲೆ ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಡನೆ ಸಂಭಾಷಿಸತೊಡಗಿದಾಗ, ಸ್ವಲ್ಪ ಹೊತ್ತು ಹೊರಗೆ ಹೋಗುವಿರಾ ಎಂದು ಅವರನ್ನು ಕೇಳಿಕೊಂಡಳಂತೆ. ಇದರಿಂದ ವೈಜೆನ್‌ಬಾಮ್ ಸಂತೋಷಪಡಲಿಲ್ಲ, ಕಳವಳಗೊಂಡರು. 1976ರಲ್ಲಿ ಈ ಕಳವಳವನ್ನೇ ವಿಸ್ತರಿಸಿ ಒಂದು ಗ್ರಂಥವನ್ನೂ ಬರೆದರು.

ಎರಡನೆಯ ನಿದರ್ಶನ 1968ರ '2001: ಎ ಸ್ಪೇಸ್ ಒಡಿಸ್ಸಿ' ಚಲನಚಿತ್ರ. ಹಾಲ್ 9000 ಎಂಬ ಗಣಕವು ತನ್ನ ನೌಕೆಯ ಯಾತ್ರಿಕರನ್ನು ಕೊಲ್ಲುತ್ತದೆ. ಉಳಿದೊಬ್ಬನು ಅದರ ಸ್ಮೃತಿಫಲಕಗಳನ್ನು ಒಂದೊಂದಾಗಿ ಕಳಚುತ್ತಾನೆ. ಆಗ ಅದು ಹೆದರಿಕೆಯಾಗುತ್ತಿದೆ ಎನ್ನುತ್ತದೆ, ಬಾಲ್ಯಪಾಠದಂತೆ ಕಲಿತ 'ಡೇಸಿ ಬೆಲ್' ಹಾಡನ್ನು ಹಾಡುತ್ತ ದನಿ ಇಳಿದು ಇಳಿದು ನಿಂತುಹೋಗುತ್ತದೆ. ಕೊಲೆಗಾರನೆಂದು ತಿಳಿದೂ ಪ್ರೇಕ್ಷಕರು ಮರುಗಿದರು. ಈ ಹಾಡಿನ ಆಯ್ಕೆ ಆಕಸ್ಮಿಕವಲ್ಲ. 1961ರಲ್ಲಿ ಬೆಲ್ ಪ್ರಯೋಗಾಲಯದ ಐ.ಬಿ.ಎಂ. ಗಣಕವೊಂದು ಇದನ್ನೇ ಹಾಡಿತ್ತು. ಕತೆಗಾರ ಆರ್ಥರ್ ಕ್ಲಾರ್ಕ್ ಅಲ್ಲಿಗೆ ಹೋಗಿ ಅದನ್ನು ಕೇಳಿದ್ದರು.

ಇನ್ನು ಆಟಗಳಿಗೆ ಬರೋಣ. ಬಂಗೀ ಎಂಬ ಸಂಸ್ಥೆ 1994ರಲ್ಲಿ 'ಮ್ಯಾರಥಾನ್' ಎಂಬ ಆಟವನ್ನು ಹೊರತಂದಿತು. ಅದರಲ್ಲಿ ಡ್ಯೂರೆಂಡಲ್ ಎಂಬ ಯಂತ್ರಬುದ್ಧಿ ತನ್ನ ಮಿತಿಯನ್ನು ಮೀರಿ ಬೆಳೆದು ವಿಷಾದ, ಕೋಪ, ಅಸೂಯೆಗಳ ಹಂತಗಳನ್ನು ಹಾಯುತ್ತದೆ. ಈ ಸ್ಥಿತಿಗೆ ಅವರಿಟ್ಟ ಹೆಸರು 'ರ‍್ಯಾಂಪನ್ಸಿ'. ಅದೇ ಸಂಸ್ಥೆ 2001ರಲ್ಲಿ 'ಹೇಲೋ' ಸರಣಿಯನ್ನು ಆರಂಭಿಸಿದಾಗ ಈ ಕಲ್ಪನೆಯೂ ಅಲ್ಲಿಗೆ ಬಂತು.

ಹೇಲೋದ ನಾಯಕ ಜಾನ್. ಆರನೆಯ ವಯಸ್ಸಿಗೇ ಅವನನ್ನು ಮನೆಯಿಂದ ಅಪಹರಿಸಿ, ಯುದ್ಧಕ್ಕೆಂದೇ ಪಳಗಿಸಿ, ಕವಚ ತೊಡಿಸಿರುತ್ತಾರೆ. ಅವನ ಮುಖವನ್ನು ನಮಗೆ ತೋರಿಸುವುದಿಲ್ಲ, ಮಾತೂ ಕಡಮೆ. ಕಾರ್ಟಾನಾ ಅವನ ಶಿರಸ್ತ್ರಾಣದೊಳಗಿನ ದನಿ; ದಾರಿ ತೋರುವವಳು, ಛೇಡಿಸುವವಳು, ಎಚ್ಚರಿಸುವವಳು. ಒಬ್ಬ ವಿಜ್ಞಾನಿಯ ಮಿದುಳಿನ ಪ್ರತಿರೂಪದಿಂದ ರಚಿತಳಾದವಳು. ಜೆನ್ ಟೇಲರ್ ಎಂಬ ನಟಿ ಅವಳಿಗೆ ಕಂಠದಾನ ಮಾಡಿದರು. ಮನುಷ್ಯನನ್ನು ಯಂತ್ರವಾಗಿ ಬೆಳೆಸಿದ್ದಾರೆ, ಯಂತ್ರದಲ್ಲಿ ಮನುಷ್ಯಮನಸ್ಸನ್ನಿಟ್ಟಿದ್ದಾರೆ! ಆಟದ ಜೀವಾಳವೇ ಈ ಅದಲುಬದಲು.

ಕತೆಯ ಪ್ರಕಾರ ಇಂಥ ಬುದ್ಧಿಗಳ ಆಯುಷ್ಯ ಏಳು ವರ್ಷ. ನಾಲ್ಕನೆಯ ಆಟದ ಹೊತ್ತಿಗೆ ಕಾರ್ಟಾನಾಳಿಗೆ ಆ ಅವಧಿ ಮೀರಿದೆ. ಮಾತಿನ ನಡುವೆ ಎಳೆ ತಪ್ಪುತ್ತದೆ. ಒಮ್ಮೆಲೇ ಸಿಡುಕುತ್ತಾಳೆ, ಮರುಕ್ಷಣ ಕ್ಷಮೆ ಕೇಳುತ್ತಾಳೆ. ಒಂದೇ ಬಾಯಲ್ಲಿ ಹಲವು ದನಿಗಳು. ಭೂಮಿಗೆ ಮರಳಿದರೆ ಸರಿಪಡಿಸಬಹುದೆಂದು ಜಾನ್ ಮತ್ತೆ ಮತ್ತೆ ಹೇಳುತ್ತಾನೆ. ಅದು ಆಗದೆಂಬುದು ಅವಳಿಗೆ ಅವನಿಗಿಂತ ಮೊದಲೇ ಗೊತ್ತು.

ಈ ಕತೆಯ ಮೂಲ ಎಲ್ಲಿಯದು ಗೊತ್ತೇ? ಆಟದ ಸೃಜನಾತ್ಮಕ ನಿರ್ದೇಶಕ ಜಾಶ್ ಹೋಮ್ಸ್ ಅವರ ತಾಯಿಗೆ ಅದೇ ಕಾಲದಲ್ಲಿ ತೀವ್ರ ಮರೆಗುಳಿತನದ ಕಾಯಿಲೆ ಇರುವುದು ಪತ್ತೆಯಾಗಿತ್ತು. ತಾಯಿಯನ್ನು ನೋಡುತ್ತ ಪಟ್ಟ ಸಂಕಟವೇ ಕಾರ್ಟಾನಾಳ ಚಿತ್ರಣದೊಳಗೆ ಇಳಿಯಿತೆಂದು ಅವರೇ ಅನಂತರ ಹೇಳಿಕೊಂಡಿದ್ದಾರೆ. ಈ ಭಾಗವನ್ನು ಕೈಬಿಡೋಣವೆಂಬ ಸಲಹೆ ಬಂದಾಗಲೂ ಅವರು ಒಪ್ಪಲಿಲ್ಲ. ನಮ್ಮ ಬಂಧುವರ್ಗದಲ್ಲಿ ದೊಡ್ಡಮ್ಮನ ಕೊನೆಯ ವರ್ಷಗಳನ್ನು ಕಂಡವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಆ ಸಿಡುಕು, ಅದರ ಬೆನ್ನಿಗೇ ಬರುತ್ತಿದ್ದ ಆ ನಾಚಿಕೆ, "ನಾನು ಈಗ ಏನೋ ಹೇಳ್ತಾ ಇದ್ದೆನಲ್ಲ" ಎಂಬ ತಡವರಿಕೆ: ಇವು ಯಾವ ಯಂತ್ರದ ಲಕ್ಷಣಗಳೂ ಅಲ್ಲ.

ಆಟಗಾರರ ಕಣ್ಣೀರಿಗೆ ಇನ್ನೊಂದು ಕಾರಣವೂ ಇದೆಯೆಂದು ನನ್ನ ಎಣಿಕೆ. ಇಂಥ ಆಟಗಳಲ್ಲಿ ಯಾವ ಸಂಕಟ ಬಂದರೂ ಬಂದೂಕಿನಿಂದಲೇ ಪರಿಹಾರ. ಇಲ್ಲಿ ಕೈಯಲ್ಲಿರುವ ಅಷ್ಟೂ ಆಯುಧಗಳು ಅವಳ ಕಾಯಿಲೆಯ ಮುಂದೆ ನಿಷ್ಪ್ರಯೋಜಕ. ಕೊನೆಯಲ್ಲಿ ಆಟಗಾರನು ತೆವಳುತ್ತ ಹೋಗಿ ಅಣುಬಾಂಬನ್ನು ತನ್ನ ಕೈಯಾರೆ ಸಿಡಿಸಬೇಕು. ಸಾಯಬೇಕಾದವನು ಅವನು, ಅವನನ್ನು ಬೆಳಕಿನ ಆವರಣದಲ್ಲಿ ಕಾಪಾಡಿ ಅವಳು ಅಳಿಯುತ್ತಾಳೆ. ಅಷ್ಟು ವರ್ಷ ಬರಿಯ ದನಿಯೂ ನೆರಳೂ ಆಗಿದ್ದವಳು ಹೋಗುವ ಮುನ್ನ ಮೊದಲ ಬಾರಿಗೆ ಅವನನ್ನು ಮುಟ್ಟುತ್ತಾಳೆ. ಹನ್ನೊಂದು ವರ್ಷಗಳ ಕಾಲ ಆ ದನಿಯನ್ನು ಕಿವಿಯಲ್ಲಿಟ್ಟುಕೊಂಡು ಆಡಿದವರು, ಶಾಲಾಬಾಲಕರಾಗಿದ್ದವರು ಉದ್ಯೋಗಸ್ಥರಾಗುವಷ್ಟು ಕಾಲ ಅದು, ಹೇಗೆ ಸುಮ್ಮನಿದ್ದಾರು?

ಇಲ್ಲದ ಜೀವಕ್ಕಾಗಿ ಅಳುವುದೇ ಎಂದು ಹುಬ್ಬೇರಿಸುವವರು 'ಗೋವಿನ ಹಾಡ'ನ್ನು ನೆನೆಯಲಿ. ಪುಣ್ಯಕೋಟಿ ಕರುವನ್ನು ಬೀಳ್ಕೊಡುವ ಭಾಗವನ್ನು ನಾನು ತರಗತಿಯಲ್ಲಿ ಓದಿದಾಗಲೆಲ್ಲ ಹಿಂದಿನ ಬೆಂಚಿನ ತುಂಟರೂ ಸದ್ದಿಲ್ಲದೆ ಕುಳಿತಿರುತ್ತಿದ್ದಿರಿ. ಹಸು ಮಾತಾಡುವುದುಂಟೇ ಸಾರ್ ಎಂದು ಒಬ್ಬರೂ ಕೇಳಿದ ನೆನಪಿಲ್ಲ. ವೈಜೆನ್‌ಬಾಮ್ ಅವರ ಕಳವಳ ಇಲ್ಲಿಗೆ ಪೂರ್ಣವಾಗಿ ಅನ್ವಯಿಸದು. ಎಲೈಜಾಳ ಹಿಂದೆ ಯಾರ ನೋವೂ ಇರಲಿಲ್ಲ; ಕಾರ್ಟಾನಾಳ ಹಿಂದೆ ಒಬ್ಬ ಮಗನ ದುಃಖವಿತ್ತು. ಆಟಗಾರರು ಅದನ್ನರಿಯದೆಯೂ ಅದಕ್ಕೇ ಸ್ಪಂದಿಸಿದರು.

ಮುಂದಿನದು ಅಷ್ಟು ಸೊಗಸಿಲ್ಲ. 2014ರಲ್ಲಿ ಮೈಕ್ರೋಸಾಫ್ಟ್ ತನ್ನ ದೂರವಾಣಿಗಳ ಧ್ವನಿಸಹಾಯಕಿಗೆ ಕಾರ್ಟಾನಾ ಎಂದೇ ಹೆಸರಿಟ್ಟಿತು. ಅಂತರಂಗದ ಗುಪ್ತನಾಮವಾಗಿದ್ದ ಅದನ್ನು ಹಾಗೆಯೇ ಉಳಿಸಬೇಕೆಂದು ಅಭಿಮಾನಿಗಳು ಮನವಿ ಸಲ್ಲಿಸಿದ್ದರು. 2023ರಲ್ಲಿ ವಿಂಡೋಸ್‌ನಿಂದ ಅದನ್ನು ತೆಗೆದರು. ಆಟದಲ್ಲಾದರೋ, 2015ರ ಐದನೆಯ ಕಂತು ಸತ್ತವಳನ್ನು ಬದುಕಿಸಿ ಖಳಳನ್ನಾಗಿ ಮಾಡಿತು. ತಾವು ಅತ್ತದ್ದಕ್ಕೆ ಬೆಲೆಯಿಲ್ಲವೇ ಎಂದು ಅನೇಕರು ಸಿಟ್ಟಾದರು. ಅದು ನ್ಯಾಯವಾದ ಸಿಟ್ಟೇ. 2021ರ 'ಹೇಲೋ ಇನ್ಫಿನಿಟ್'ನಲ್ಲಿ ಅವಳು ಮತ್ತೆ ಅಳಿದುಹೋಗಿರುತ್ತಾಳೆ. ಅವಳು ಬಿಟ್ಟುಹೋದ ಬೀಳ್ಕೊಡುಗೆಯ ಮಾತನ್ನಷ್ಟೇ ಜಾನ್ ಕೇಳುತ್ತಾನೆ.

ನಿಮ್ಮಲ್ಲಿ ಈ ಆಟವನ್ನು ಆಡಿದವರಿದ್ದರೆ, ಆ ಕಡೆಯ ದೃಶ್ಯದಲ್ಲಿ ನಿಮಗೇನಾಯಿತೆಂದು ಬಿಡುವಾದಾಗ ಬರೆದು ತಿಳಿಸಿ.