ಮರವಾದ ಮೇಲೂ ಬಗ್ಗುತ್ತದೆ

ನಮ್ಮ ಊರ ಮನೆಗಳ ಚಾವಡಿಯಲ್ಲಿದ್ದ ಆರಾಮ ಕುರ್ಚಿಯ ತೋಳು ಬಗ್ಗಿಸಿದ್ದಲ್ಲ, ಕೊರೆದದ್ದು. ದಪ್ಪನೆಯ ಸಾಗುವಾನಿ ಹಲಗೆಯ ಮೇಲೆ ಬಾಗಿನ ಗೆರೆ ಎಳೆದು, ಗರಗಸದಲ್ಲಿ ಆ ಗೆರೆ ಹಿಡಿದು ಕೊಯ್ದು, ಮಿಕ್ಕ ಮರವನ್ನು ಬಚ್ಚಲೊಲೆಗೆ ಹಾಕುತ್ತಿದ್ದರು. ಕಾಡು ಹತ್ತಿರವಿದ್ದ ಕಾಲಕ್ಕೆ ಅದು ನಷ್ಟವೆಂದು ಯಾರಿಗೂ ಅನಿಸಲಿಲ್ಲ. ಆದರೆ ಕೊರೆದ ಬಾಗಿನಲ್ಲಿ ಒಂದು ದೋಷ ಉಳಿದೇ ಉಳಿಯುತ್ತದೆ. ಆಕಾರ ತಿರುಗಿದರೂ ಮರದ ನಾರು ನೇರವಾಗಿಯೇ ಓಡುತ್ತದೆ. ನಾರು ಅಡ್ಡಡ್ಡ ಕತ್ತರಿಸಿಹೋದ ಜಾಗದ ಮೇಲೆ ಭಾರ ಬಿದ್ದರೆ ತೋಳು ಅಲ್ಲಿಯೇ ಸೀಳುತ್ತದೆ. ಆಚಾರಿಗಳಿಗೆ ಇದು ಗೊತ್ತಿತ್ತು. ಆ ಕುರ್ಚಿಗಳು ಅಷ್ಟು ದಪ್ಪ, ಅಷ್ಟು ಭಾರ ಇದ್ದದ್ದು ಅದಕ್ಕೇ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಫ್ಲ್ಯಾಟುಗಳಲ್ಲಿ ಅಂಥ ಕುರ್ಚಿಗೆ ಜಾಗ ಎಲ್ಲಿದೆ? ಗ್ಯಾಲರಿಯ ಮೂಲೆಯಲ್ಲಿ ಒಂದು ಬೆಂಚು, ನಾಲ್ಕಾರು ಕ್ಲ್ಯಾಂಪು ಇಟ್ಟುಕೊಂಡು ರವಿವಾರ ಮರಗೆಲಸಕ್ಕೆ ಕೂರುವವರಿಗೆ ಬಾಗಿದ ಬೆನ್ನಿನ ಹಗುರ ಕುರ್ಚಿ ಬೇಕೆಂದರೆ ಮರವನ್ನು ನಿಜವಾಗಿಯೇ ಬಗ್ಗಿಸಬೇಕು.

ಬಗ್ಗಿಸಬಲ್ಲವರು ಈ ಸೀಮೆಯಲ್ಲಿ ಹಿಂದೆಯೂ ಇದ್ದರು. ಅವರು ಕುರ್ಚಿ ಮಾಡುವವರಾಗಿರಲಿಲ್ಲ, ಅಷ್ಟೆ. ಶಿವಾಜಿ 1657ರಲ್ಲಿ ಕಲ್ಯಾಣ, ಭಿವಂಡಿಗಳನ್ನು ಹಿಡಿದ ಮೇಲೆ ಮರಾಠರ ನೌಕಾಪಡೆಯ ಕೆಲಸ ಶುರುವಾದದ್ದು ಇಲ್ಲಿಯ ಖಾಡಿಯ ದಡದಲ್ಲಿ. 1736ರಲ್ಲಿ ಹಡಗು ಕಟ್ಟುವ ಲವ್ಜೀ ನಸರ್ವಾನ್‌ಜೀ ವಾಡಿಯಾ ಸೂರತ್ತಿನಿಂದ ಮುಂಬಯಿಗೆ ಬಂದ. ಅವನ ವಂಶದವರು ಸಾಗುವಾನಿಯಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೋಮಲಿ’ ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ. ಹಡಗಿನ ಪಕ್ಕೆಗೆ ಹಲಗೆ ಕೂರಿಸಲು ಅದಕ್ಕೆ ಬಿಸಿ ಕೊಟ್ಟು, ನೀರುಣಿಸಿ ತಿರುಚುವುದು ದೋಣಿ ಕಟ್ಟುವವರಿಗೆ ದಿನನಿತ್ಯದ ಕೆಲಸ. ಇತ್ತ ಮೇದರು, ಮರಾಠಿಯಲ್ಲಿ ಬುರುಡರು, ಬಿದಿರು ಬೆತ್ತಗಳನ್ನು ಬೆಂಕಿಗೆ ತೋರಿಸಿ ಬೇಕಾದ ಹಾಗೆ ಮಣಿಸುತ್ತಿದ್ದರು. ಈ ಎರಡು ವಿದ್ಯೆಗಳೂ ಬಡಗಿಯ ಅಂಗಳಕ್ಕೆ ಬರಲಿಲ್ಲ. ಜಾತಿಕಸುಬಿನ ಗೋಡೆಗಳು ನಮ್ಮ ಕುರ್ಚಿಗಳ ಆಕಾರವನ್ನೂ ತೀರ್ಮಾನಿಸಿದ್ದವು ಎಂಬುದು ನನ್ನ ಅನಿಸಿಕೆ.

ಬಾಗಿದ ಮರದ ಕುರ್ಚಿಗೆ ಹೆಸರಾದವನು ರೈನ್ ನದಿಯ ದಡದ ಬೊಪ್ಪಾರ್ಡ್ ಊರಿನ ಬಡಗಿ ಮಿಖಾಯೆಲ್ ಥೋನೆಟ್ (1796–1871). ಅವನು ಆರಂಭಿಸಿದ್ದು ಹಬೆಯಿಂದಲ್ಲ, ಅಂಟಿನಿಂದ. 1830ರ ದಶಕದಲ್ಲಿ ಮರದ ತೆಳು ಪಟ್ಟಿಗಳನ್ನು ಬಿಸಿ ಸರೇಸಿನಲ್ಲಿ ಕುದಿಸಿ, ಕಟ್ಟು ಕಟ್ಟಿ, ಅಚ್ಚಿಗೆ ಬಿಗಿದು ಕುರ್ಚಿಯ ಭಾಗಗಳನ್ನು ಮಾಡಿದ. 1842ರಲ್ಲಿ ವಿಯೆನ್ನಾಕ್ಕೆ ಹೋದ. ಕುರ್ಚಿಗಳನ್ನು ಸಮುದ್ರದಾಚೆಯ ತೇವದ ದೇಶಗಳಿಗೆ ಕಳಿಸುವ ಹೊತ್ತಿಗೆ ತೊಡಕು ಎದ್ದಿತು. ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ಮಾಡಿದ ಆ ಅಂಟು ತೇವ ತಗಲಿದರೆ ಸಡಿಲಾಗುತ್ತದೆ, ಪದರ ಬಿಟ್ಟುಕೊಳ್ಳುತ್ತದೆ. ಅಂಟನ್ನೇ ಬಿಟ್ಟು ಇಡೀ ಮರವನ್ನು ಬಗ್ಗಿಸುವ ಹಾದಿ ಹುಡುಕಿ 1856ರಲ್ಲಿ ಅದಕ್ಕೆ ಪೇಟೆಂಟ್ ಪಡೆದ.

ಆ ಹಾದಿಯ ಗುಟ್ಟು ಇಷ್ಟು. ಹಸಿ ಮರ ಹಬೆಯಲ್ಲಿ ಸುಮಾರು 100 ಡಿಗ್ರಿ ಸೆಲ್ಸಿಯಸ್ಸಿಗೆ ಕಾದಾಗ ನಾರುಗಳನ್ನು ಹಿಡಿದಿಟ್ಟಿರುವ ಲಿಗ್ನಿನ್ ಮೆತ್ತಗಾಗುತ್ತದೆ. ಆಗ ಒಳ್ಳೆಯ ಗಟ್ಟಿಮರವನ್ನು ಅದರ ಉದ್ದದ ಕಾಲುಭಾಗದಷ್ಟು ಒತ್ತಿ ಕುಗ್ಗಿಸಬಹುದು. ಎಳೆದು ಹಿಗ್ಗಿಸಲು ಹೋದರೆ ಮಾತ್ರ ನೂರಕ್ಕೆ ಒಂದೆರಡು ಪಾಲು ಹಿಗ್ಗುವಷ್ಟರಲ್ಲಿ ಹರಿದುಹೋಗುತ್ತದೆ. ಬಾಗಿನ ಹೊರಮೈ ಹಿಗ್ಗುವ ಬದಿ. ಥೋನೆಟ್ ಅಲ್ಲಿ ಒಂದು ಲೋಹದ ಪಟ್ಟಿ ಇಟ್ಟು, ಎರಡೂ ತುದಿಗಳಲ್ಲಿ ಮರವನ್ನು ಅದಕ್ಕೆ ಬಿಗಿದ. ಹೊರಮೈಗೆ ಹಿಗ್ಗಲು ಎಡೆಯೇ ಇಲ್ಲದ್ದರಿಂದ ಒಳಮೈ ಕುಗ್ಗಲೇಬೇಕಾಯಿತು. ಇಂದಿಗೂ ಹಬೆಯಲ್ಲಿ ಮರ ಬಗ್ಗಿಸಲು ಹೋಗಿ ಮುರಿದುಕೊಳ್ಳುವವರಲ್ಲಿ ಹೆಚ್ಚಿನವರು ಈ ಪಟ್ಟಿಯನ್ನು ಬಿಟ್ಟವರು. 1859ರಲ್ಲಿ ಬಂದ 14ನೇ ನಂಬರಿನ ಕುರ್ಚಿಯಲ್ಲಿದ್ದದ್ದು ಆರು ತುಂಡು ಬೀಚ್ ಮರ, ಹತ್ತು ಸ್ಕ್ರೂ, ಎರಡು ನಟ್ಟು. ಬಿಚ್ಚಿ ಜೋಡಿಸಿದರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು.

ಆ ಬಗೆಯ ಕುರ್ಚಿಗಳು ಮಧ್ಯ ಯುರೋಪಿನಿಂದ ಮುಂಬಯಿಯ ಇರಾನಿ ಹೋಟೆಲುಗಳಿಗೆ ಬಂದವು. 1904ರ ಕಯಾನಿ, 1923ರ ಬ್ರಿಟಾನಿಯಾಗಳಲ್ಲಿ ಕೂತು ಚಹಾ ಕುಡಿದವರಿಗೆ ಆ ಗುಂಡು ಬೆನ್ನಿನ ಪರಿಚಯವಿದೆ. ಮುಂದೆ ಎಷ್ಟೋ ಇರಾನಿ ಹೋಟೆಲುಗಳು ನಮ್ಮ ಉಡುಪಿ, ಮಂಗಳೂರು ಕಡೆಯವರ ಕೈಗೆ ಬಂದಾಗ ಕೆಲವೆಡೆ ಕುರ್ಚಿಗಳೂ ಜೊತೆಗೆ ಬಂದವು. ಬೆತ್ತದ ಹೆಣಿಗೆ ಹರಿದಲ್ಲಿ ಪ್ಲೈವುಡ್ಡಿನ ಬಿಲ್ಲೆ ಬಡಿದು ದುಡಿಸಿಕೊಂಡರು.

ನಡುವಿನ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. 1925ರ ಹೊತ್ತಿಗೆ ಜರ್ಮನಿಯಲ್ಲಿ ಮಾರ್ಸೆಲ್ ಬ್ರೋಯರ್ ಉಕ್ಕಿನ ಕೊಳವೆ ಬಗ್ಗಿಸಿ ಕುರ್ಚಿ ಮಾಡಿದ. ಬಾಗು ಮರದಿಂದ ಲೋಹಕ್ಕೆ ಹೋಯಿತು, ನಮ್ಮ ಕಾಲಕ್ಕೆ ಪ್ಲಾಸ್ಟಿಕ್ಕಿಗೆ ಹೋಯಿತು. ಇತ್ತ ನಮ್ಮ ಸೀಮೆಯಲ್ಲಿ, ದೇಶವಿಭಜನೆಯ ನಿರಾಶ್ರಿತರಿದ್ದ ಕಲ್ಯಾಣದ ಶಿಬಿರ 1949ರಲ್ಲಿ ಉಲ್ಲಾಸನಗರವಾಯಿತು. ಅಲ್ಲಿ ಬೆಳೆದ ಫರ್ನಿಚರ್ ಬಜಾರು ಸುತ್ತಲಿನ ಊರುಗಳ ಮನೆಗಳಿಗೆ ಮಂಚ, ಕಪಾಟು, ಸೋಫಾ ಒದಗಿಸಿತು. ಎಲ್ಲ ನೇರ ಗೆರೆಯ ಸಾಮಾನು, ಬಾಗು ಬೇಕಾದಲ್ಲಿ ಮತ್ತದೇ ಕೊರೆತ.

ನಿಜವಾದ ತಿರುವು ಅಂಟಿನಲ್ಲಿ ಬಂತು. ಫಿನ್‌ಲೆಂಡಿನ ಆಲ್ವಾರ್ ಆಲ್ಟೊ 1930ರ ದಶಕದ ಮೊದಲಲ್ಲಿ ಬಾಗಿದ ಪ್ಲೈವುಡ್ಡಿನ ಕುರ್ಚಿ ಮಾಡಿದ. ರಾಸಾಯನಿಕ ರಾಳಗಳು ಬಂದ ಮೇಲೆ ಅಮೆರಿಕದ ಈಮ್ಸ್ ದಂಪತಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ಗಾಯಾಳುಗಳಿಗೆ ಪ್ಲೈವುಡ್ಡಿನ ಕಾಲುಪಟ್ಟಿ ಮಾಡಿ, ಅಲ್ಲಿ ಕಲಿತದ್ದನ್ನು ಕುರ್ಚಿಗೆ ತಂದರು. ನಮ್ಮಲ್ಲಿ 1959ರಲ್ಲಿ ಫೆವಿಕಾಲ್ ಬಂದು ಬಡಗಿಗಳನ್ನು ಸರೇಸು ಕಾಯಿಸುವ ಡಬ್ಬಿಯಿಂದ ಬಿಡಿಸಿತು. ಬೆಂಗಳೂರಿನಲ್ಲಿ 1938ರಿಂದ ಮರದ ಪ್ರಯೋಗಾಲಯವಿತ್ತು, 1962ರಲ್ಲಿ ಪ್ಲೈವುಡ್ ಸಂಶೋಧನೆಗೇ ಪ್ರತ್ಯೇಕ ಸಂಸ್ಥೆ ಹುಟ್ಟಿತು. ಇಂದು ಐಎಸ್ 710 ಮುದ್ರೆ ಬೇಕಾದ ಮರೀನ್ ಪ್ಲೈವುಡ್ಡಿನ ಅಂಟು 72 ಗಂಟೆ ಕುದಿನೀರಿನಲ್ಲಿ ಬಿಡದೆ ನಿಲ್ಲಬೇಕು. ಥೋನೆಟ್ಟಿಗೆ ಇಂಥ ಅಂಟು ಸಿಕ್ಕಿದ್ದರೆ ಹಬೆಯ ಸಹವಾಸಕ್ಕೆ ಹೋಗುತ್ತಿದ್ದನೋ ಇಲ್ಲವೋ.

ನವಿ ಮುಂಬಯಿಯ ಆಫೀಸು, ಮಾಲುಗಳ ಗುಂಡು ಕೌಂಟರುಗಳನ್ನು ನೋಡಿ. ಅವು ಬಹುಪಾಲು ಸುಲಭವಾಗಿ ಬಾಗುವ ಫ್ಲೆಕ್ಸಿ ಪ್ಲೈಯಲ್ಲಿ ಮಾಡಿದವು, ಇಲ್ಲವೇ ಸಾದಾ ಪ್ಲೈಯ ಹಿಂಬದಿಗೆ ಹತ್ತಿರಹತ್ತಿರ ಗಾಡಿ, ಅಂದರೆ ಗರಗಸದ ಗೀರು, ಕೊಯ್ದು, ಮುಂದಿನ ಪದರ ಮಾತ್ರ ಉಳಿಸಿ ಬಗ್ಗಿಸಿದವು. ಉತ್ತರಪ್ರದೇಶ, ರಾಜಸ್ಥಾನಗಳಿಂದ ಬಂದ ಬಡಗಿಗಳು ಇದನ್ನು ಕಣ್ಣಳತೆಯಲ್ಲೇ ಮಾಡುತ್ತಾರೆ. ಗೋಡೆಯ ಹೊದಿಕೆಗೆ, ಕೌಂಟರಿಗೆ ಸರಿ. ಮನುಷ್ಯ ಕೂರುವ ಕುರ್ಚಿಯ ಕಾಲಿಗೆ, ಬೆನ್ನಿಗೆ ಗಾಡಿ ಕೊಯ್ದ ಪ್ಲೈ ಬೇಡವೇ ಬೇಡ.

ಇನ್ನು ಮನೆಯ ಕೆಲಸ. ಹಬೆಯ ಆಕರ್ಷಣೆ ದೊಡ್ಡದು. ಒಂದು ಮರದ ಪೆಟ್ಟಿಗೆ, ನೀರು ಕುದಿಸುವ ಪಾತ್ರೆ, ಒಂದು ಕೊಳವೆ ಇದ್ದರಾಯಿತು. ಒಂದಂಗುಲ ದಪ್ಪಕ್ಕೆ ಒಂದು ಗಂಟೆ ಎಂಬುದು ರೂಢಿಯ ಲೆಕ್ಕ. ಗರಗಸದ ಸದ್ದಿಗೆ ಸೊಸೈಟಿಯ ಸೆಕ್ರೆಟರಿ ಬಾಗಿಲು ತಟ್ಟುತ್ತಾರೆ, ಹಬೆಗೆ ಯಾರೂ ಬರುವುದಿಲ್ಲ. ಇಡ್ಲಿ ಬೇಯುತ್ತಿದೆ ಎಂದುಕೊಳ್ಳುತ್ತಾರೆ. ಎಚ್ಚರ ಬೇಕಾದದ್ದು ಒತ್ತಡದ ಬಗ್ಗೆ. ಪೆಟ್ಟಿಗೆಯಲ್ಲಿ ಹಬೆ ಹೊರಹೋಗಲು ತೂತು ಇರಲೇಬೇಕು. ಪ್ರೆಶರ್ ಕುಕ್ಕರಿಗೆ ಕೊಳವೆ ಜೋಡಿಸುವ ಸಾಹಸವಂತೂ ಕೂಡದು. ಪಿವಿಸಿ ಪೈಪನ್ನು ಪೆಟ್ಟಿಗೆಯಾಗಿ ಬಳಸಿದರೆ ಬಿಸಿಗೆ ಅದೇ ಮೊದಲು ಬಗ್ಗುತ್ತದೆ.

ಹಬೆಯ ದೊಡ್ಡ ತೊಡಕು ಮರದ್ದು. ಬಗ್ಗಿಸಲು ಬೇಕಾದದ್ದು ನಾರು ನೇರವಾಗಿರುವ, ಗಂಟಿಲ್ಲದ, ನೂರಕ್ಕೆ 20–25 ಪಾಲು ತೇವ ಉಳಿದಿರುವ ಮರ. ಲಾಕಡಿ ಅಂಗಡಿಯಲ್ಲಿ ಸಿಗುವುದು ಭಟ್ಟಿಯಲ್ಲಿ ಒಣಗಿಸಿದ್ದು. ಅಲ್ಲಿ ಸ್ಟೀಮ್ ಬೀಚ್ ಎಂದು ಮಾರುವ ಮರ ಕೂಡ ಬಣ್ಣ ಸಮವಾಗಲಿ ಎಂದು ಮಿಲ್ಲಿನಲ್ಲೇ ಹಬೆಗಿಟ್ಟು ಆಮೇಲೆ ಒಣಗಿಸಿದ್ದು. ಹೆಸರು ಕೇಳಿ ಬಗ್ಗಲು ಸಿದ್ಧವಾಗಿದೆ ಎಂದುಕೊಂಡರೆ ಕೆಟ್ಟಿರಿ. ಜಾತಿಯಲ್ಲಿ ಬೀಚ್ ಚೆನ್ನಾಗಿಯೇ ಬಗ್ಗುತ್ತದೆ, ನೆನೆಹಾಕಲು ದಿನಗಟ್ಟಲೆ ತಾಳ್ಮೆ ಬೇಕು. ಸಾಗುವಾನಿ ಬಗ್ಗುವುದರಲ್ಲಿ ಮಧ್ಯಮ ದರ್ಜೆ. ಮೇಲೆ ನಮ್ಮ ಮಳೆಗಾಲ: ಜುಲೈ, ಆಗಸ್ಟಿನ ತೇವದಲ್ಲಿ ಗಾಳಿಗಿಟ್ಟ ಮರ ಶೇ. 17–18ರಷ್ಟು ತೇವ ಹಿಡಿದುಕೊಂಡೇ ಇರುತ್ತದೆ. ಅಚ್ಚಿಗೆ ಕಟ್ಟಿದ ಬಾಗು ಒಣಗದು, ಒಣಗದ ಬಾಗು ನಿಲ್ಲದು. ಹಬೆಯ ಕೆಲಸ ಮಾಡುವುದಿದ್ದರೆ ದೀಪಾವಳಿಯಿಂದ ಯುಗಾದಿಯೊಳಗೆ ಮಾಡಿ.

ತೆಳು ಪಟ್ಟಿಗಳನ್ನು ಅಂಟಿಸಿ ಬಗ್ಗಿಸುವ ಪದರದ ಕೆಲಸಕ್ಕೆ ಇಷ್ಟೆಲ್ಲ ಕಟ್ಟಳೆಯಿಲ್ಲ. ಒಣಮರವೇ ಬೇಕು, ಅದೇ ಸಿಗುತ್ತದೆ. ಎರಡು ಮೂರು ಮಿಲಿಮೀಟರ್ ದಪ್ಪದ ಪಟ್ಟಿಗಳನ್ನು ಮಿಲ್ಲಿನಲ್ಲಿ ಸೀಳಿಸಿಕೊಳ್ಳಿ, ಅಥವಾ 4 ಮಿಲಿಮೀಟರಿನ ಫ್ಲೆಕ್ಸಿ ಪ್ಲೈ ತನ್ನಿ. ಪ್ಲೈವುಡ್ ತುಂಡುಗಳಲ್ಲಿ ಅಚ್ಚು ಕಟ್ಟಿ, ಮೇಲೆ ಪ್ಯಾಕಿಂಗ್ ಟೇಪು ಅಂಟಿಸಿ, ಪಟ್ಟಿಗಳಿಗೆ ಅಂಟು ಬಳಿದು ಒತ್ತೊತ್ತಾಗಿ ಕ್ಲ್ಯಾಂಪು ಹಾಕಿದರೆ ಮರುದಿನಕ್ಕೆ ಬಾಗು ಕೈಯಲ್ಲಿರುತ್ತದೆ. ಬಿಚ್ಚಿದಾಗ ಅದು ಸ್ವಲ್ಪ ಮರಳುತ್ತದೆ, ಅದಕ್ಕೂ ಲೆಕ್ಕವಿದೆ: ಎರಡು ಪದರವಾದರೆ ಬಾಗಿದ್ದರಲ್ಲಿ ನಾಲ್ಕನೆಯ ಒಂದು ಪಾಲು, ನಾಲ್ಕು ಪದರಕ್ಕೆ ಹದಿನಾರನೆಯ ಒಂದು, ಆರು ಪದರಕ್ಕೆ ಮೂವತ್ತಾರನೆಯ ಒಂದು. ಬಿಳಿ ಅಂಟು ಬಿಸಿಯಲ್ಲಿ, ಸದಾ ಎಳೆತವಿರುವಲ್ಲಿ ನಿಧಾನವಾಗಿ ಜಾರುತ್ತದೆ. ಕಿರಿದಾದ ಬಾಗಿಗೆ ಯೂರಿಯಾ ರಾಳ ಅಥವಾ ಎಪಾಕ್ಸಿ ಒಳ್ಳೆಯದು.

ಥೋನೆಟ್ ತೇವಕ್ಕೆ ಹೆದರಿ ಅಂಟಿನಿಂದ ಹಬೆಗೆ ಹೋದ. ಖಾಡಿಯ ಗಾಳಿ ಕುಡಿಯುವ ನಮ್ಮ ಊರುಗಳಲ್ಲಿ ಮನೆಗೆಲಸದವರು ಅದೇ ತೇವದ ಕಾರಣಕ್ಕೆ ಹಬೆ ಬಿಟ್ಟು ಅಂಟಿಗೆ ಬರುವುದು ಸರಿ. ಹಬೆಯ ರುಚಿ ನೋಡಲೇಬೇಕೆನ್ನುವವರು ಬೆತ್ತ, ಬಿದಿರಿನಲ್ಲಿ ನೋಡಲಿ. 2017ರ ತಿದ್ದುಪಡಿಯ ಮೇಲೆ ಕಾನೂನಿನ ಕಣ್ಣಿಗೆ ಬಿದಿರು ಮರವೂ ಅಲ್ಲ, ಕಾಡಿನ ಹೊರಗೆ ಬೆಳೆದದ್ದನ್ನು ಕಡಿಯಲು ಸಾಗಿಸಲು ಹಳೆಯ ತೊಡಕಿಲ್ಲ; ಕೊಂಕಣದ ಕುಡಾಳದಲ್ಲಿ ಬಿದಿರಿನ ಪೀಠೋಪಕರಣಕ್ಕೆಂದೇ ಕೇಂದ್ರವೊಂದಿದೆ.

ಹೋಟೆಲು ನಡೆಸಿದ ಮನೆತನಗಳಲ್ಲಿ ಒಂದು ಕೋರಿಕೆ. ಅಟ್ಟದ ಮೇಲೆ ಗುಂಡು ಬೆನ್ನಿನ ಹಳೆಯ ಕುರ್ಚಿ ಇದ್ದರೆ ಗುಜರಿಗೆ ಹಾಕಬೇಡಿ. ಮಗುಚಿ ಸೀಟಿನ ಬಳೆಯ ಒಳಬದಿ ನೋಡಿ, ಕಾರ್ಖಾನೆಯ ಚೀಟಿಯೋ ಮುದ್ರೆಯೋ ಇದ್ದೀತು. ಮರ ಬಗ್ಗಿಸಲು ಕಲಿಯುತ್ತಿರುವ ಹುಡುಗರು ನೆರೆಯಲ್ಲಿದ್ದರೆ ಒಂದು ದಿನದ ಮಟ್ಟಿಗೆ ಅದನ್ನು ಕೊಡಿ. ಸ್ಕ್ರೂ ಬಿಚ್ಚಿ, ನಾರು ಬಾಗಿನುದ್ದಕ್ಕೂ ಹೇಗೆ ಓಡಿದೆಯೆಂದು ನೋಡಿ, ಮತ್ತೆ ಜೋಡಿಸಿ ತಂದುಕೊಡಲಿ.